ದೊಡ್ಡ ಪರೀಕ್ಷೆಗೆ ದಿನದ ಲೆಕ್ಕ

(ಗ್ರಾಮದ ಯುವಜನ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ನೆಟ್‌ವರ್ಕಿನ ಉನ್ನತ ಪರೀಕ್ಷೆಗೆ ಓದುವ ಬಗೆ ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕರೆದಿದ್ದಾರೆ. ರಾಗಿ, ರೇಷ್ಮೆ, ಹಾಲಿನ ಮಾತು ನಡೆಯುವ ಈ ಚಾವಡಿಯಲ್ಲಿ ಇದಾವ ಹೊಸ ಬೆಳೆ ಎಂದು ಹಿರಿಯರಿಗೆ ಅನ್ನಿಸಬಹುದು. ಆದರೆ ಈ ಬೆಳೆ ಆಗಲೇ ನಮ್ಮ ಊರಿಗೆ ಬಂದಿದೆ. ನಮ್ಮ ಹಲವು ಮನೆಗಳ ಮಕ್ಕಳು ಡಿಪ್ಲೊಮಾ ಮುಗಿಸಿ, ಬಿ.ಸಿ.ಎ. ಮುಗಿಸಿ, ಬೆಂಗಳೂರಿನ ಕಚೇರಿಗಳಲ್ಲಿ ರಾತ್ರಿ ಪಾಳಿಯಲ್ಲಿ ನೆಟ್‌ವರ್ಕ್ ಕಾಯುತ್ತಿದ್ದಾರೆ. ಇತ್ತ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ಕೇಬಲ್ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011 ರಲ್ಲಿಯೇ ಒಪ್ಪಿಗೆ ಕೊಟ್ಟಿತು. ಅದನ್ನೇ ಈಗ ಭಾರತ್‌ನೆಟ್ ಎನ್ನುತ್ತೇವೆ. ಕೇಬಲ್ ಬಂದ ಮೇಲೆ ಅದನ್ನು ನೋಡಿಕೊಳ್ಳಬಲ್ಲವರೂ ಬೇಕು. ಆದುದರಿಂದ ಈ ವಿದ್ಯೆ ನಮಗೆ ಹೊರಗಿನದಲ್ಲ.

ಇದು ಯಾವ ಕೆಲಸ?

ಕೆರೆಯ ತೂಬು ಎತ್ತಿ, ಯಾವ ಕಾಲುವೆಗೆ ಯಾವ ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದ ನೀರಗಂಟಿಯನ್ನು ಹಿರಿಯರು ಬಲ್ಲರು. ನೆಟ್‌ವರ್ಕಿನಲ್ಲಿ ರೌಟರ್ ಎಂಬ ಯಂತ್ರ ಮಾಡುವುದೂ ಆ ಬಗೆಯ ಕೆಲಸವೇ. ಬಂದ ಸುದ್ದಿಯ ತುಣುಕಿನ ಮೇಲಿನ ವಿಳಾಸ ನೋಡಿ, ತಕ್ಕ ದಾರಿಗೆ ಬಿಡುತ್ತದೆ. ಒಂದು ದಾರಿ ಕಡಿದುಹೋದರೆ ಬೇರೆ ದಾರಿ ಇದೆಯೇ ಎಂದು ನೋಡುತ್ತದೆ. ಇಂತಹ ನೂರಾರು ಯಂತ್ರಗಳನ್ನು ಒಂದು ಹದದಲ್ಲಿ ಇಡಬಲ್ಲವನೇ ನೆಟ್‌ವರ್ಕ್ ಇಂಜಿನಿಯರ್.

ಈ ಕೆಲಸದಲ್ಲಿ ಕುಶಲತೆಯನ್ನು ಅಳೆಯಲು ಹಲವು ಪರೀಕ್ಷೆಗಳಿವೆ. ಹೆಚ್ಚು ಹೆಸರಾದುವು ಸಿಸ್ಕೊ ಸಂಸ್ಥೆಯವು. ಅವುಗಳಲ್ಲಿ ಮೂರು ಮೆಟ್ಟಿಲುಗಳನ್ನು ನೀವು ತಿಳಿದಿರಬೇಕು. ಮೊದಲನೆಯದು ಸಿಸಿಎನ್‌ಎ, ಅದಕ್ಕೆ 120 ನಿಮಿಷಗಳ ಒಂದು ಪರೀಕ್ಷೆ. ಎರಡನೆಯದು ಸಿಸಿಎನ್‌ಪಿ, ಒಂದು ಮೂಲ ಪರೀಕ್ಷೆ, ಒಂದು ವಿಶೇಷ ವಿಷಯದ ಪರೀಕ್ಷೆ. ಮೂರನೆಯದು 1993 ರಲ್ಲಿ ಆರಂಭವಾದ ಸಿಸಿಐಇ. ಇದಕ್ಕೆ ಮೂಲ ಪರೀಕ್ಷೆಯ ಜೊತೆಗೆ ಎಂಟು ಗಂಟೆಗಳ ಪ್ರಾಯೋಗಿಕ ಪರೀಕ್ಷೆ ಉಂಟು. ಅದನ್ನು ಲ್ಯಾಬ್ ಎನ್ನುತ್ತಾರೆ. ನಮ್ಮವರು ಅದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ಅದರ ಕೇಂದ್ರವಿದೆ.

ಸಿಸಿಐಇ ಪರೀಕ್ಷೆಗೆ ಕೂರಲು ಇಂತಹದೇ ಪದವಿ ಬೇಕೆಂಬ ಕಟ್ಟಳೆ ಇಲ್ಲ. ಆದರೆ ಐದರಿಂದ ಏಳು ವರ್ಷ ಕೆಲಸ ಮಾಡಿದ ಅನುಭವ ಇದ್ದರೆ ಒಳ್ಳೆಯದೆಂದು ಸಂಸ್ಥೆಯವರೇ ಹೇಳುತ್ತಾರೆ. ಆದುದರಿಂದ ಈಗ ತಾನೇ ಓದು ಮುಗಿಸಿದ ತಮ್ಮಂದಿರು, ತಂಗಿಯರು ಸಿಸಿಎನ್‌ಎಯಿಂದ ಆರಂಭಿಸತಕ್ಕದ್ದು. ಇಂದಿನ ನನ್ನ ಮಾತು ಮುಖ್ಯವಾಗಿ ಆಗಲೇ ಕೆಲಸದಲ್ಲಿದ್ದು ಮೇಲಿನ ಮೆಟ್ಟಿಲಿಗೆ ಕಾಲಿಡುವವರಿಗೆ. ಆದರೂ ಲೆಕ್ಕದ ಮಾತು ಎಲ್ಲರಿಗೂ ಅನ್ವಯಿಸುತ್ತದೆ.

ನಾನು ಸೋತ ಬಗೆ

ಗೆದ್ದ ಕಥೆಗಿಂತ ಸೋತ ಕಥೆ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. 2021 ರ ಕೊನೆಯಲ್ಲಿ ನಾನು ಮೂಲ ಪರೀಕ್ಷೆ ಪಾಸು ಮಾಡಿದೆ. ಮುಂದಿನ ವರ್ಷವೇ ಲ್ಯಾಬ್‌ಗೆ ದಿನಾಂಕ ಗೊತ್ತುಮಾಡಿಕೊಂಡೆ. ಅದರ ಶುಲ್ಕ ಒಂದು ಲಕ್ಷ ರೂಪಾಯಿಗೂ ಮೀರಿತು. ನನ್ನ ಕೈಯಲ್ಲಿ ಅಷ್ಟು ಇರಲಿಲ್ಲ. ಅವ್ವ ಕೊಟ್ಟಿಗೆಯ ಮಾಡು ಹೊದಿಸಲೆಂದು ಹಾಲಿನ ಹಣದಲ್ಲಿ ಕೂಡಿಟ್ಟಿದ್ದನ್ನು ತೆಗೆದುಕೊಟ್ಟಳು.

ನಾನು ಓದಲಿಲ್ಲ ಎಂದಲ್ಲ. ಪುಸ್ತಕಗಳನ್ನು ಮೂರು ಸಲ ಓದಿದೆ. ರಾತ್ರಿ ಪಾಳಿ ಮುಗಿಸಿ ಬಂದು ವಿಡಿಯೊ ಪಾಠ ನೋಡಿದೆ. ಓದುವಾಗ ಎಲ್ಲವೂ ಪರಿಚಿತವೆನಿಸುತ್ತಿತ್ತು. ಪರಿಚಯವನ್ನೇ ಜ್ಞಾನವೆಂದು ತಿಳಿದೆ. ಪರೀಕ್ಷೆಯಲ್ಲಿ ಏನು ಬಂದಿತೆಂಬುದನ್ನು ಹೊರಗೆ ಹೇಳಬಾರದೆಂದು ನಾವೆಲ್ಲ ಒಪ್ಪಿಗೆ ಕೊಟ್ಟಿರುತ್ತೇವೆ, ಅದನ್ನು ಹೇಳಲಾರೆ. ನನ್ನ ತಪ್ಪನ್ನು ಹೇಳಬಲ್ಲೆ. ಯಂತ್ರದ ಮುಂದೆ ಕುಳಿತಾಗ ಒಂದೊಂದು ಆಜ್ಞೆಯನ್ನೂ ನೆನಪಿನಿಂದ ಹುಡುಕಬೇಕಾಯಿತು. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಕೆಟ್ಟಿತು. ಗಂಟೆ ನೋಡಿದಾಗ ಹೊತ್ತು ಮೀರಿತ್ತು. ಸೋತೆ.

ಊರಿಗೆ ಬಂದಾಗ ಮಳೆ ಹಿಡಿದಿತ್ತು. ಕೊಟ್ಟಿಗೆ ಸೋರುತ್ತಿತ್ತು. ಅವ್ವ ಬಯ್ಯಲಿಲ್ಲ. ಸಂಜೆ ಡೈರಿಗೆ ಹಾಲು ಹಾಕಿ ಬಂದು, ಪಾಸ್ ಪುಸ್ತಕವನ್ನು ನನ್ನ ಮುಂದಿಟ್ಟು ಕೇಳಿದಳು: "ಹಸ ಒಂದು ಹೊತ್ತು ಕಮ್ಮಿ ಕೊಟ್ರೆ ಇದ್ರಲ್ಲಿ ಅವತ್ತೇ ಗೊತ್ತಾಗ್ತದೆ. ಮೇವೋ, ಕಾಯಿಲೆಯೋ ಅಂತ ಅವತ್ತೇ ನೋಡ್ತೀನಿ. ನಿಂದು ಕಮ್ಮಿ ಆಗಿದ್ದು ನಿಂಗೆ ಯಾವಾಗ ಗೊತ್ತಾಯ್ತು ಮಗ?"

ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಕೊರತೆ ನನಗೆ ತಿಳಿದುದು ಪರೀಕ್ಷೆಯ ದಿನವೇ. ಮಿತ್ರರೇ, ಇಂದು ನಾನು ಹೇಳಬೇಕಾದುದೆಲ್ಲ ಆ ಒಂದು ಪ್ರಶ್ನೆಯೊಳಗಿದೆ. ಕೊರತೆ ಆದ ದಿನವೇ ಅದು ಕಣ್ಣಿಗೆ ಬೀಳುವಂತೆ ಓದನ್ನು ಏರ್ಪಡಿಸಿಕೊಳ್ಳುವುದೇ ಯೋಜನೆ. ಗೋಡೆಗೆ ಅಂಟಿಸಿದ ಬಣ್ಣದ ವೇಳಾಪಟ್ಟಿಯೊಂದೇ ಯೋಜನೆಯಾಗದು.

ಮೊದಲು ಇರುವ ಹೊತ್ತನ್ನು ಅಳೆಯಿರಿ

ಬಿತ್ತನೆಗೆ ಮುಂಚೆ ಹೊಲ ಎಷ್ಟಿದೆ ಎಂದು ನೋಡುವುದಿಲ್ಲವೇ? ಹಾಗೆಯೇ ದಿನಾಂಕ ಗೊತ್ತುಮಾಡುವ ಮುಂಚೆ ನಿಮ್ಮ ಹೊತ್ತನ್ನು ಅಳೆಯಿರಿ. ನಾಲ್ಕು ವಾರ ಓದುತ್ತ, ದಿನವೂ ನಿಜವಾಗಿ ಕುಳಿತ ಹೊತ್ತನ್ನು ಮಾತ್ರ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ವಾರಕ್ಕೆ 25 ಗಂಟೆ ನನ್ನ ಕೈಯಲ್ಲಿದೆ ಎಂದು ನಾನು ನಂಬಿದ್ದೆ. ಪುಸ್ತಕ 18 ಎಂದು ಹೇಳಿತು. ನಾನು ಪುಸ್ತಕದ ಮಾತನ್ನೇ ನಂಬಿದೆ.

ವರ್ಷಕ್ಕೆ 52 ವಾರ. ಅದರಲ್ಲಿ ಹಬ್ಬ, ಮದುವೆ, ಸುಗ್ಗಿ, ಜ್ವರ, ಕಚೇರಿಯ ತುರ್ತು ಇವುಗಳಿಗೆ 8 ವಾರ ತೆಗೆದಿಟ್ಟೆ. ಉಳಿದುದು 44. ವಾರಕ್ಕೆ 18 ರಂತೆ 792 ಗಂಟೆ. ಸುಲಭಕ್ಕೆ 800 ಎನ್ನೋಣ. ಇದು ನನ್ನ ಹೊಲದ ಅಳತೆ. ನಿಮ್ಮದು 500 ಇರಬಹುದು, ಸಾವಿರವಿರಬಹುದು. ಕಡಿಮೆಯಿದ್ದರೆ ಎದೆಗುಂದಬೇಕಾಗಿಲ್ಲ, ದಿನಾಂಕವನ್ನು ಮುಂದಕ್ಕೆ ಹಾಕಿದರಾಯಿತು. ಮೂಲ ಪರೀಕ್ಷೆ ಪಾಸಾದ ಮೇಲೆ ಲ್ಯಾಬ್‌ಗೆ ಕೂರಲು ಮೂರು ವರ್ಷ ಅವಕಾಶವಿದೆ ಎಂಬುದನ್ನು ಮಾತ್ರ ಮರೆಯಬೇಡಿ.

ಪಠ್ಯಕ್ಕೆ ತಕ್ಕಂತೆ ಪಾಲು ಹಾಕಿ

ಪರೀಕ್ಷೆಯ ಯಾವ ಭಾಗಕ್ಕೆ ಎಷ್ಟು ತೂಕವೆಂದು ಸಂಸ್ಥೆಯವರೇ ಪಟ್ಟಿ ಕೊಡುತ್ತಾರೆ. ಸಿಸಿಐಇಯ ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ಎಂಬ ವಿಭಾಗದ 1.1 ನೆಯ ಪಠ್ಯಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸ್ವಿಚ್, ರೌಟರ್‌ಗಳ ಮೂಲ ವ್ಯವಸ್ಥೆಗೆ ನೂರಕ್ಕೆ 30; ತಂತ್ರಾಂಶದಿಂದ ನಡೆಸುವ ಜಾಲಕ್ಕೆ 25; ದೂರದ ಶಾಖೆಗಳನ್ನು ಜೋಡಿಸುವ ವಿಧಾನಗಳಿಗೆ 15; ಭದ್ರತೆ ಮತ್ತು ಸೇವೆಗಳಿಗೆ 15; ಕೆಲಸವನ್ನು ತಾನಾಗಿ ನಡೆಯುವಂತೆ ಮಾಡುವ ಪ್ರೋಗ್ರಾಮುಗಳಿಗೆ 15. ಈ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ನೀವು ಆರಂಭಿಸುವ ದಿನ ಸಂಸ್ಥೆಯ ಹೊಸ ಪಟ್ಟಿಯನ್ನೇ ತೆಗೆದುಕೊಳ್ಳಿ.

ನನ್ನ 800 ಗಂಟೆಗಳಲ್ಲಿ 200 ನ್ನು ಕೊನೆಯ ಅಭ್ಯಾಸಕ್ಕೆಂದು ಮೊದಲೇ ಎತ್ತಿಟ್ಟೆ. ಉಳಿದ 600 ಗಂಟೆಗಳನ್ನು ಮೇಲಿನ ತೂಕದಂತೆ ಹಂಚಿದೆ: 180, 150, ಆಮೇಲೆ ಮೂರು ಭಾಗಗಳಿಗೆ ತಲಾ 90. ಹೀಗೆ ಹಂಚಿದಾಗ ನನ್ನ ಹಳೆಯ ತಪ್ಪು ಗೋಚರವಾಯಿತು. ನನಗೆ ಪ್ರಿಯವಾದ ರೌಟಿಂಗ್ ಪಾಠವನ್ನೇ ಮತ್ತೆ ಮತ್ತೆ ಓದಿ, ಪ್ರೋಗ್ರಾಮುಗಳ ಭಾಗವನ್ನು ಬೀಳು ಬಿಟ್ಟಿದ್ದೆ. ಇಷ್ಟವಾದ ಪಾಠಕ್ಕೆ ಕಾಲು ತಾನಾಗಿ ಹೋಗುತ್ತದೆ; ಕಷ್ಟವಾದ ಪಾಠಕ್ಕೆ ಗಂಟೆಯನ್ನು ಬರೆದಿಡಬೇಕು.

ಇನ್ನೊಂದು ಅನುಕೂಲವಿದೆ. 350-401 ಎಂಬ ಸಂಖ್ಯೆಯ ಮೂಲ ಪರೀಕ್ಷೆ ಸಿಸಿಎನ್‌ಪಿಗೂ ಸಲ್ಲುತ್ತದೆ, ಸಿಸಿಐಇಗೂ ಸಲ್ಲುತ್ತದೆ. ಅದರ ಮೇಲೆ ಒಂದು ವಿಶೇಷ ಪರೀಕ್ಷೆ ಪಾಸು ಮಾಡಿದರೆ ಸಿಸಿಎನ್‌ಪಿ ನಿಮ್ಮದಾಯಿತು. ಬೆಟ್ಟ ಹತ್ತುವವರಿಗೆ ನಡುದಾರಿಯಲ್ಲಿ ಮಂಟಪ ಇದ್ದಂತೆ. ಅಲ್ಲಿ ಕುಳಿತು ಯೋಚಿಸಿ ಮುಂದೆ ಹೋಗಬಹುದು. ಸಂಸಾರದ ಸ್ಥಿತಿ ನೋಡಿ ಅಲ್ಲೇ ನಿಂತರೂ ನಷ್ಟವಿಲ್ಲ.

ದಿನದ ಕೆಲಸ ಮೂರು

ದಿನಕ್ಕೆ ಎರಡು ಗಂಟೆ ಸಿಕ್ಕಿತೆನ್ನಿ. ಮೊದಲ ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿಟ್ಟು, ಹಿಂದೆ ಕಲಿತುದನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ಮುಂದಿನ ನಲವತ್ತು ನಿಮಿಷ ಹೊಸ ಪಾಠ ಓದಿ. ಉಳಿದ ಒಂದು ಗಂಟೆ ಕೈಯಿಂದ ಮಾಡಿ.

ಮೊದಲನೆಯದನ್ನು ಬಿಡಬೇಡಿ. ಕಲಿತುದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885 ರಲ್ಲಿ ಪ್ರಕಟಿಸಿದರು. 2006 ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ವಿದ್ವಾಂಸರು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಆದರೆ ಒಂದು ವಾರ ಕಳೆದು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೇ ಹೆಚ್ಚು ಉಳಿದಿತ್ತು. ನಾನು ಮೂರು ಸಲ ಓದಿಯೂ ಸೋತುದರ ಕಾರಣ ಇಲ್ಲಿದೆ. ಈಗ ನಾನು ಒಂದು ಪಾಠವನ್ನು ಮರುದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ ಹೀಗೆ ಮುಚ್ಚಿಟ್ಟು ಬರೆಯುತ್ತೇನೆ.

ಕೈಯಿಂದ ಮಾಡುವುದೆಂದರೆ ಕಟ್ಟುವುದು ಮಾತ್ರವಲ್ಲ, ಕೆಡಿಸಿ ಸರಿಪಡಿಸುವುದು. ಒಂದು ಉದಾಹರಣೆ ಕೊಡುತ್ತೇನೆ. ಓಎಸ್‌ಪಿಎಫ್ ಎಂಬ ನಿಯಮದಂತೆ ರೌಟರ್‌ಗಳು ಒಂದಕ್ಕೊಂದು ದಾರಿಯ ವಿವರ ತಿಳಿಸುತ್ತವೆ. ಮೊದಲು 'ಹಲೋ' ಎಂದು ಕೂಗಿ ನೆರೆಹೊರೆಯಾಗುತ್ತವೆ. ಸಾಮಾನ್ಯ ಈಥರ್ನೆಟ್ ಕೊಂಡಿಯಲ್ಲಿ ಸಿಸ್ಕೊ ರೌಟರ್ 10 ಸೆಕೆಂಡಿಗೊಮ್ಮೆ ಕೂಗುತ್ತದೆ. 40 ಸೆಕೆಂಡು ಕೂಗು ಕೇಳದಿದ್ದರೆ ನೆರೆಯವನಿಲ್ಲ ಎಂದು ತೀರ್ಮಾನಿಸುತ್ತದೆ. ಒಂದು ಬದಿಯಲ್ಲಿ ಮಾತ್ರ ಈ ಅವಧಿ ಬದಲಾಯಿಸಿ ನೋಡಿ, ನೆರೆಯೇ ಕೂಡುವುದಿಲ್ಲ. ಅದನ್ನು ಸರಿಪಡಿಸಿ, ಒಂದೇ ಸಲಕ್ಕೆ ಕಳುಹಿಸಬಹುದಾದ ತುಣುಕಿನ ಮಿತಿಯನ್ನು ಒಂದು ಬದಿಯಲ್ಲಿ 1500, ಇನ್ನೊಂದು ಬದಿಯಲ್ಲಿ 1400 ಮಾಡಿ. ಈಗ ಹಲೋ ಚೆನ್ನಾಗಿಯೇ ನಡೆಯುತ್ತದೆ. ಆದರೆ ವಿವರ ಹಂಚಿಕೊಳ್ಳುವ ಹಂತದಲ್ಲಿ ಎರಡೂ ನಿಂತುಬಿಡುತ್ತವೆ. ರೋಗ ಎರಡು, ಲಕ್ಷಣವೂ ಎರಡು. ಕಂಡುದೇನು, ಶಂಕಿಸಿದುದೇನು, ನೋಡಿದುದೇನು, ಸರಿಪಡಿಸಿದುದು ಹೇಗೆ ಎಂದು ನಾಲ್ಕು ಸಾಲು ಬರೆದಿಡಿ. ಪಶುವೈದ್ಯರು ಹಸುವನ್ನು ಮುಟ್ಟಿ ನೋಡಿ ಕಲಿತಂತೆ ನೀವೂ ಕಲಿಯುವಿರಿ.

ಇದಕ್ಕಾಗಿ ರೌಟರ್ ಯಂತ್ರಗಳನ್ನು ಕೊಳ್ಳಬೇಕಾಗಿಲ್ಲ. ಜಿಎನ್‌ಎಸ್3, ಈವ್-ಎನ್‌ಜಿ, ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್ ಎಂಬ ತಂತ್ರಾಂಶಗಳಲ್ಲಿ ಒಂದೇ ಕಂಪ್ಯೂಟರಿನೊಳಗೆ ಹಲವು ರೌಟರ್‌ಗಳನ್ನು ನಡೆಸಬಹುದು. ಆರಂಭಿಸುವವರಿಗೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ದೊರೆಯುತ್ತದೆ. ಕರೆಂಟು ಹೋಗುವ ಹೊತ್ತು ನಮಗೆ ಗೊತ್ತೇ ಇದೆ. ಆ ಹೊತ್ತನ್ನು ಮುಚ್ಚಿಟ್ಟು ಬರೆಯುವುದಕ್ಕೆ ಇಟ್ಟುಕೊಳ್ಳಿ.

ಓದಿನ ಪಾಸ್ ಪುಸ್ತಕ

ಅವ್ವನ ಪ್ರಶ್ನೆ ಕೇಳಿದ ಮೇಲೆ ನಾನೊಂದು ಪಾಸ್ ಪುಸ್ತಕ ಮಾಡಿಕೊಂಡೆ. ನಾಲ್ಕು ಅಂಕಣ: ದಿನಾಂಕ, ಕುಳಿತ ಹೊತ್ತು, ಮಾಡಿದ ಕೆಲಸ, ನೋಡದೆ ಮಾಡಬಲ್ಲೆನೇ ಇಲ್ಲವೇ. ಡೈರಿಯಲ್ಲಿ ಲೀಟರನ್ನು ಮಾತ್ರ ನೋಡುವುದಿಲ್ಲ, ಜಿಡ್ಡನ್ನೂ ನೋಡುತ್ತಾರೆ. ಕುಳಿತ ಗಂಟೆ ಲೀಟರಿದ್ದಂತೆ. ನೋಡದೆ ಮಾಡುವ ಶಕ್ತಿ ಜಿಡ್ಡಿದ್ದಂತೆ. ಮೊಬೈಲ್ ನೋಡುತ್ತ ಕುಳಿತ ಗಂಟೆಯನ್ನು ಬರೆದರೆ ಹಾಲಿಗೆ ನೀರು ಬೆರೆಸಿದಂತಾಯಿತು, ಮೋಸಹೋಗುವವರು ನಾವೇ.

ಪ್ರತಿ ಭಾನುವಾರ ಸಂಜೆ ಪುಸ್ತಕ ತೆರೆದು ವಾರದ ಮೊತ್ತ ಹಾಕಿ. ಗಂಟೆ ಕಡಿಮೆಯಾದರೆ ಕಾರಣ ಬರೆಯಿರಿ. ನಾಲ್ಕನೆಯ ಅಂಕಣದಲ್ಲಿ 'ಇಲ್ಲ' ಎಂದು ಬಂದ ಪಾಠವನ್ನು ಮುಂದಿನ ವಾರದ ಮೊದಲ ಕೆಲಸವಾಗಿ ಇಟ್ಟುಕೊಳ್ಳಿ. ಎರಡು ವಾರ ತಪ್ಪಿದರೆ ಮೂರನೆಯ ವಾರ ಇಮ್ಮಡಿ ಓದುತ್ತೇನೆಂದು ಹಟ ಹಿಡಿಯಬೇಡಿ; ತೆಗೆದಿಟ್ಟ ಎಂಟು ವಾರಗಳಿಂದ ಎರಡನ್ನು ಖರ್ಚು ಬರೆಯಿರಿ.

ಕೊನೆಯ 200 ಗಂಟೆಗಳಲ್ಲಿ ಪರೀಕ್ಷೆಯಂತೆಯೇ ಅಭ್ಯಾಸ ಮಾಡಬೇಕು. ಲ್ಯಾಬ್‌ನಲ್ಲಿ ಮೊದಲ 3 ಗಂಟೆ ಯೋಜನೆಯ ಭಾಗ. ಅಲ್ಲಿ ಯಂತ್ರ ಮುಟ್ಟುವಂತಿಲ್ಲ; ಓದಿ, ಯೋಚಿಸಿ ಉತ್ತರಿಸಬೇಕು; ಮುಂದಿನ ಪ್ರಶ್ನೆಗೆ ಹೋದ ಮೇಲೆ ಹಿಂದಿರುಗಿ ತಿದ್ದುವಂತಿಲ್ಲ. ಅನಂತರದ 5 ಗಂಟೆ ಕಟ್ಟುವ, ನಡೆಸುವ, ಸುಧಾರಿಸುವ ಭಾಗ. ನಾನು ಹನ್ನೆರಡು ಸಲ ಎಂಟು ಗಂಟೆಗಳ ಪೂರ್ಣ ಅಭ್ಯಾಸ ಮಾಡಿದೆ. ಅದಕ್ಕೆ 96 ಗಂಟೆ ಹಿಡಿಯಿತು. ಉಳಿದ 104 ಗಂಟೆ ತಪ್ಪು ತಿದ್ದುವುದಕ್ಕೆ ಹೋಯಿತು. ಕೊನೆಯ ಮೂರು ಅಭ್ಯಾಸಗಳು ಹೊತ್ತಿಗೆ ಸರಿಯಾಗಿ ಮುಗಿದ ಮೇಲೆಯೇ ದಿನಾಂಕ ಗೊತ್ತುಮಾಡಿದೆ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂದು ಹಿರಿಯರು ಹೇಳಿರುವುದು ಇದನ್ನೇ.

ಹಣ ಮತ್ತು ಮರ್ಯಾದೆ

ಹಣದ ವಿಷಯವನ್ನು ಮುಚ್ಚಿಡಬಾರದು. ಕೆಲವು ಕಂಪನಿಗಳು ನೌಕರರ ಪರೀಕ್ಷಾ ಶುಲ್ಕವನ್ನು ತಾವೇ ಭರಿಸುತ್ತವೆ. ಮೊದಲು ಅಲ್ಲಿ ಕೇಳಿ. ನಾನು ಕೇಳಿರಲಿಲ್ಲ. ಇಲ್ಲದಿದ್ದರೆ ತಿಂಗಳು ತಿಂಗಳು ಕೂಡಿಡಿ. ಬಡ್ಡಿಗೆ ತಂದು ಪರೀಕ್ಷೆಗೆ ಕೂತವನು ಪ್ರಶ್ನೆಯನ್ನು ನೋಡುವುದಿಲ್ಲ, ಬಡ್ಡಿಯನ್ನು ನೋಡುತ್ತಿರುತ್ತಾನೆ. ಒಂದೇ ಸಲಕ್ಕೆ ಆಗದಿರಬಹುದು ಎಂಬುದೂ ಲೆಕ್ಕದಲ್ಲಿರಲಿ.

ಪ್ರಶ್ನೆ ಮತ್ತು ಉತ್ತರಗಳನ್ನು ಮೊದಲೇ ಕೊಡುತ್ತೇವೆಂದು ದುಡ್ಡು ಕೇಳುವವರೂ ಇದ್ದಾರೆ. ಅವರ ನೆರಳಿಗೂ ಹೋಗಬೇಡಿ. ಅಂತಹ ಮೋಸ ಸಿಕ್ಕಿಬಿದ್ದರೆ ಪಡೆದ ಪ್ರಮಾಣಪತ್ರವೇ ರದ್ದಾಗಬಹುದು. ಸಿಕ್ಕಿಬೀಳದಿದ್ದರೂ ನಷ್ಟ ತಪ್ಪಿದ್ದಲ್ಲ. ಆಸ್ಪತ್ರೆಯ ನೆಟ್‌ವರ್ಕ್ ನಡುರಾತ್ರಿ ನಿಂತಾಗ ಕದ್ದ ಉತ್ತರ ಕೈಹಿಡಿಯುವುದಿಲ್ಲ.

ಮನೆಯವರಲ್ಲಿ ಒಂದು ಮಾತು

ಹಿರಿಯರೇ, ಓದುವವರಿಗೆ ನೀವು ಕೊಡಬಹುದಾದ ದೊಡ್ಡ ಸಹಾಯ ದಿನಕ್ಕೆ ಎರಡು ಗಂಟೆಯ ನೆಮ್ಮದಿ. "ಪರೀಕ್ಷೆ ಯಾವಾಗ, ಸಂಬಳ ಎಷ್ಟಾಗುತ್ತದೆ" ಎಂದು ದಿನವೂ ಕೇಳಬೇಡಿ. "ಇವತ್ತು ಏನು ಕಲಿತೆ" ಎಂದು ಕೇಳಿ. ಇನ್ನೊಂದು ಮಾತು. ಮಗ ಓದುತ್ತಿದ್ದರೆ ಬಾಗಿಲು ಹಾಕಿ ಸದ್ದು ಮಾಡಬೇಡಿ ಎನ್ನುತ್ತೇವೆ. ಮಗಳು ಓದುತ್ತಿದ್ದರೆ ಒಲೆಯ ಮೇಲಿನ ಹಾಲು ನೋಡು ಎನ್ನುತ್ತೇವೆ. ನನ್ನ ತಂಗಿ ಈಗ ಸಿಸಿಎನ್‌ಎಗೆ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿ ರಾತ್ರಿ ಏಳರಿಂದ ಒಂಬತ್ತರವರೆಗೆ ಒಲೆ ನನ್ನದು, ಅಪ್ಪನದು. ಆಕೆಯ ಪಾಸ್ ಪುಸ್ತಕದಲ್ಲಿ ಗಂಟೆ ಕಡಿಮೆಯಾದರೆ ಕಾರಣದ ಜಾಗದಲ್ಲಿ ನಮ್ಮ ಹೆಸರು ಬರಬಾರದೆಂದು ನಾವು ಎಚ್ಚರದಿಂದಿದ್ದೇವೆ.

ಯುವಜನ ಸಂಘಕ್ಕೂ ಒಂದು ಸೂಚನೆ. ಸಂಘದ ಕೊಠಡಿಯಲ್ಲಿ ಒಂದು ಮೇಜು, ಒಂದು ಒಳ್ಳೆಯ ಕಂಪ್ಯೂಟರು, ಕರೆಂಟು ಹೋದರೂ ನಡೆಯುವಂತೆ ಒಂದು ಬ್ಯಾಟರಿ ಇರಲಿ. ಪಾಳಿಯ ಮೇಲೆ ನಾಲ್ವರು ಓದಬಹುದು. ವಾರಕ್ಕೊಮ್ಮೆ ಒಬ್ಬರು ಕೆಡಿಸಿಟ್ಟ ಜಾಲವನ್ನು ಇನ್ನೊಬ್ಬರು ಸರಿಪಡಿಸಲಿ.

ಎರಡನೆಯ ಸಲ, 2024 ರಲ್ಲಿ, ನಾನು ಪಾಸಾದೆ. ಆ ಬೇಸಿಗೆಯಲ್ಲಿ ಕೊಟ್ಟಿಗೆಗೆ ಹೊಸ ಮಾಡು ಹೊದಿಸಿದೆವು. ಎಲ್ಲರಿಗೂ ಎರಡನೆಯ ಸಲಕ್ಕೇ ಆಗುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಪುಸ್ತಕದಲ್ಲಿ ದಿನವೂ ಲೆಕ್ಕ ಬರೆದವನಿಗೆ ಸೋಲಾದರೂ ಅದರ ಕಾರಣ ಗೊತ್ತಿರುತ್ತದೆ, ಮುಂದಿನ ಹೆಜ್ಜೆ ಎಲ್ಲಿ ಇಡಬೇಕೆಂಬುದೂ ಗೊತ್ತಿರುತ್ತದೆ. ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಾಗಾಗಿ ನನ್ನ ಪುಸ್ತಕ ಇನ್ನೂ ಮುಗಿದಿಲ್ಲ. ಅವ್ವನ ಪಾಸ್ ಪುಸ್ತಕ ಇರುವ ಗೂಡಿನಲ್ಲೇ ಅದೂ ಇದೆ.

ನಾಳೆ ಬೆಳಿಗ್ಗೆ ಡೈರಿಗೆ ಹೋದಾಗ ಪಕ್ಕದ ಅಂಗಡಿಯಲ್ಲಿ ಒಂದು ನೋಟ್ ಪುಸ್ತಕ ಕೊಂಡುಕೊಳ್ಳಿ. ಮೊದಲ ಸಾಲನ್ನು ನಾಳೆ ರಾತ್ರಿಯೇ ಬರೆಯಿರಿ.